ಆಹಾರದ ಅಲರ್ಜಿ ಮನುಷ್ಯನಿಗೆ ಏಕಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ತಂದೆತಾಯಿಯರು, ಪಿಯುಸಿ ವಿದ್ಯಾರ್ಥಿಗಳು, ಕಾಫಿ ತೋಟದ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ನಾನು ಜೀವಶಾಸ್ತ್ರ ಕಲಿಸುವವಳು, ವೈದ್ಯೆಯಲ್ಲ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ‘ಏಕೆ’ ಎಂಬುದಕ್ಕೆ. ಚಿಕಿತ್ಸೆಯ ವಿಷಯದಲ್ಲಿ ಎಲ್ಲರೂ ತಿಳಿದಿರಲೇಬೇಕಾದ ಸಂಗತಿಗಳನ್ನಷ್ಟೇ ಕೊನೆಗೆ ಸೇರಿಸಿದ್ದೇನೆ. ಅಲರ್ಜಿ ಇರುವ ಮಗುವನ್ನು ‘ನಾಜೂಕು ಮೈ’ ಎಂದು ಕರೆಯುವ ರೂಢಿ ನಮ್ಮಲ್ಲಿದೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ವಿಷಕ್ಕೂ ಹೊಟ್ಟೆಹುಳಕ್ಕೂ ಎದುರಾಗಿ ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಬಲವಾದ ರಕ್ಷಣೆಯೊಂದು ಆ ಮಗುವಿನಲ್ಲಿ ಗುರಿ ತಪ್ಪಿ ಎರಗುತ್ತಿದೆ. ಮುಂದಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಅಲರ್ಜಿಯಾದಾಗ ಮೈಯೊಳಗೆ ಏನು ನಡೆಯುತ್ತದೆ?

ಕಡಲೆಬೀಜ ಒಗ್ಗದ ಹುಡುಗಿಯೊಬ್ಬಳು ಚಿಕ್ಕಿಯ ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು ಎಂದಿಟ್ಟುಕೊಳ್ಳಿ. ಕಡಲೆಬೀಜದ ಕೆಲವು ಪ್ರೋಟೀನುಗಳನ್ನು ಅವಳ ಮೈ ಹಿಂದೆಯೇ ‘ಅಪಾಯ’ ಎಂದು ಗುರುತಿಸಿ, ಅವಕ್ಕೆಂದೇ ಐಜಿಇ ಎಂಬ ಪ್ರತಿಕಾಯವನ್ನು (ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ಪ್ರೋಟೀನು) ತಯಾರಿಸಿಟ್ಟಿರುತ್ತದೆ. ಈ ಐಜಿಇ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳ ಮೇಲ್ಮೈಗೆ ಅಂಟಿಕೊಂಡು ಕಾಯುತ್ತಿರುತ್ತದೆ. ಮಾಸ್ಟ್ ಕೋಶಗಳಿರುವ ಜಾಗಗಳನ್ನು ಗಮನಿಸಿ: ಚರ್ಮ, ಮೂಗು, ಗಂಟಲು, ಶ್ವಾಸನಾಳ, ಕರುಳಿನ ಗೋಡೆ. ಹೊರಗಿನದು ಒಳಗೆ ಬರುವ ದಾರಿಗಳಲ್ಲೆಲ್ಲ ಅವು ದಟ್ಟವಾಗಿವೆ.

ಕಡಲೆಬೀಜದ ಪ್ರೋಟೀನು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಸೆಳೆದ ಕೂಡಲೇ ಮಾಸ್ಟ್ ಕೋಶ ತನ್ನೊಳಗಿನ ಕಣಗಳನ್ನು ಹೊರಗೆ ಚೆಲ್ಲುತ್ತದೆ. ಊತ, ತುರಿಕೆ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಅವುಗಳಲ್ಲಿರುತ್ತದೆ. ಮುಂದಿನದೆಲ್ಲ ನಿಮಿಷಗಳ ಲೆಕ್ಕ. ತುಟಿ ಊದುತ್ತದೆ, ಮೈಮೇಲೆ ಪಿತ್ತಗಂಧೆ ಏಳುತ್ತದೆ, ಮೂಗು ಸುರಿಯುತ್ತದೆ, ಕೆಮ್ಮು, ವಾಂತಿ, ಹೊಟ್ಟೆ ನುಲಿತ, ಭೇದಿ. ತೀವ್ರವಾದರೆ ಉಸಿರಿನ ದಾರಿ ಕಿರಿದಾಗಿ, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರುತ್ತದೆ. ಈ ಸ್ಥಿತಿಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರು.

ಸೀನು, ಕೆಮ್ಮು, ವಾಂತಿ, ಭೇದಿ, ತುರಿಕೆ: ಇವೆಲ್ಲವೂ ಏನನ್ನೋ ಹೊರಗೆ ದಬ್ಬುವ ಕೆಲಸಗಳೇ. ಇದರ ಜೈವಿಕ ಉಪಯೋಗ ಏನಿದ್ದೀತು ಎಂಬುದರ ಮೊದಲ ಸುಳಿವು ಇಲ್ಲೇ ಇದೆ.

ಇದನ್ನು ಕಂಡುಹಿಡಿದವರು ಯಾರು?

1902ರಲ್ಲಿ ಫ್ರಾನ್ಸಿನ ಚಾರ್ಲ್ಸ್ ರಿಷೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ಪ್ರತಿರೋಧ ಬೆಳೆಸಲು ಹೊರಟಿದ್ದರು. ಫಲ ತಿರುಗುಮುರುಗಾಯಿತು. ಮೊದಲ ಸಲ ತಡೆದುಕೊಂಡಿದ್ದ ನಾಯಿಗಳು ಕೆಲವು ವಾರಗಳ ನಂತರ ತೀರಾ ಸಣ್ಣ ಪ್ರಮಾಣಕ್ಕೇ ಸತ್ತವು. ಈ ಕೆಲಸಕ್ಕೆ ರಿಷೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ‘ಅಲರ್ಜಿ’ ಎಂಬ ಹೆಸರನ್ನು ಕೊಟ್ಟವರು ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, 1906ರಲ್ಲಿ.

ನನಗೆ ಹೆಚ್ಚು ಇಷ್ಟವಾಗುವುದು 1921ರ ಪ್ರಯೋಗ. ಹೈನ್ಸ್ ಕ್ಯೂಸ್ಟ್ನರ್ ಅವರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡಾಗ ಅಲ್ಲಿ ದದ್ದು ಎದ್ದಿತು. ಅಲರ್ಜಿಗೆ ಕಾರಣವಾದ ವಸ್ತು ರಕ್ತದಲ್ಲಿದೆ ಎಂದು ಖಚಿತವಾದದ್ದು ಹಾಗೆ. ಆ ವಸ್ತುವೇ ಐಜಿಇ ಎಂದು ತಿಳಿಯಲು 1960ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ಬೇರೆಯಾಗಿ ಅದನ್ನು ಗುರುತಿಸಿದರು.

ಜೀವ ತೆಗೆಯಬಲ್ಲ ಇಂಥ ವ್ಯವಸ್ಥೆ ವಿಕಾಸದಲ್ಲಿ ಉಳಿದದ್ದು ಹೇಗೆ?

ವಿಕಾಸಕ್ಕೆ ಯೋಜನೆ ಎಂಬುದಿಲ್ಲ. ಒಂದು ಗುಣದಿಂದ ಒಟ್ಟಾರೆ ಹೆಚ್ಚು ಮಂದಿ ಬದುಕಿ ಮಕ್ಕಳನ್ನು ಪಡೆದರೆ ಆ ಗುಣ ಉಳಿಯುತ್ತದೆ, ಕೆಲವರಿಗೆ ಅದರಿಂದ ಹಾನಿಯಾದರೂ ಸರಿ. ಐಜಿಇ ಸಸ್ತನಿಗಳೆಲ್ಲದರಲ್ಲಿ ಇದೆ, ಹಕ್ಕಿಗಳಲ್ಲಿ ಇಲ್ಲ. ಮಾಸ್ಟ್ ಕೋಶಗಳು ಇನ್ನೂ ಹಳೆಯವು. ಕೆಲಸಕ್ಕೆ ಬಾರದ, ಬರೀ ಕೇಡು ಮಾಡುವ ವ್ಯವಸ್ಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಅದು ಯಾವ ಕೆಲಸಕ್ಕೆ ಬಂತು ಎಂಬುದಕ್ಕೆ ಎರಡು ಮುಖ್ಯ ಉತ್ತರಗಳಿವೆ.

ಒಂದು, ಹುಳಗಳು. ಜಂತುಹುಳದಂಥ ಪರಾವಲಂಬಿಗಳನ್ನು ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ನುಂಗಿದಂತೆ ನುಂಗಲಾರವು. ಅವು ಅಷ್ಟು ದೊಡ್ಡವು. ಲೋಳೆ ಸುರಿಸಿ, ಕರುಳನ್ನು ಹಿಂಡಿ ಹೊರಗೆ ತಳ್ಳುವುದೇ ದಾರಿ. ಹುಳಬಾಧೆ ಇರುವವರಲ್ಲಿ ಐಜಿಇ ಮಟ್ಟ ಏರುವುದು ಎಲ್ಲ ಕಡೆ ಕಂಡಿರುವ ಸಂಗತಿ. ಅಲರ್ಜಿ ತರಿಸುವ ಪ್ರೋಟೀನುಗಳಲ್ಲಿ ಕೆಲವು ಹುಳಗಳ ಪ್ರೋಟೀನುಗಳನ್ನೇ ಹೋಲುತ್ತವೆ. ಸೀಗಡಿ, ಏಡಿಗಳಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಜಿರಲೆಯಲ್ಲೂ, ಹಾಸಿಗೆಯ ಧೂಳಿನ ನುಸಿಯಲ್ಲೂ, ಜಂತುಹುಳದಲ್ಲೂ ಇದೆ. ಗದ್ದೆ ಏಡಿಯ ಸಾರು ಉಂಡು ತುಟಿ ಊದಿಸಿಕೊಂಡವರ ಐಜಿಇ ಬಹುಶಃ ಒಂದು ಹಳೆಯ ಶತ್ರುವಿನ ಚಹರೆಯನ್ನು ಸಾರಿನಲ್ಲಿ ಕಂಡಿರುತ್ತದೆ.

ಇನ್ನೊಂದು, ವಿಷ. ಅಲರ್ಜಿಯ ಕೆಲಸವೇ ವಿಷದಿಂದ ಕಾಪಾಡುವುದು ಎಂದು 1991ರಲ್ಲಿ ಅಮೆರಿಕದ ಮಾರ್ಗಿ ಪ್ರೊಫೆಟ್ ವಾದಿಸಿದರು. ಹುಳದ ವಿರುದ್ಧದ ರಕ್ಷಣೆ ನಿಧಾನವಾದರೂ ನಡೆಯುತ್ತದೆ, ಏಕೆಂದರೆ ಹುಳ ನಮ್ಮನ್ನು ಕೊಲ್ಲಲು ತಿಂಗಳುಗಳು ಬೇಕು. ಅಲರ್ಜಿಯಾದರೋ ನಿಮಿಷಗಳಲ್ಲಿ ಸ್ಫೋಟಿಸುತ್ತದೆ. ಅಷ್ಟು ಅವಸರ ಬೇಕಾಗುವುದು ವಿಷಕ್ಕೆ ಮಾತ್ರ ಎಂಬುದು ಆ ವಾದದ ಬಲ. ಎರಡರಲ್ಲಿ ಒಂದೇ ಸರಿ ಎಂದು ಹಟ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಒಂದೇ ವ್ಯವಸ್ಥೆ ಎರಡೂ ಕೆಲಸ ಮಾಡಿರಬಹುದು. ಆದರೆ ಆಹಾರದ ಅಲರ್ಜಿಯ ಮಟ್ಟಿಗೆ ವಿಷದ ಉತ್ತರ ನನಗೆ ಹೆಚ್ಚು ಒಪ್ಪಿತವಾಗುತ್ತದೆ.

ವಿಷದ ವಾದಕ್ಕೆ ಪುರಾವೆ ಇದೆಯೇ?

ಇದೆ. ಅದಕ್ಕೆ ಹೆಜ್ಜೇನಿನಿಂದ ಶುರು ಮಾಡಬೇಕು. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಎತ್ತರದ ಸಿಲ್ವರ್ ಓಕ್ ಮರಗಳಿಗೆ ಹೆಜ್ಜೇನು ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಜೇನಿನ ವಿಷದಲ್ಲಿ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವವಿದೆ. ಅದು ಜೀವಕೋಶಗಳ ಪೊರೆಯನ್ನೇ ಹರಿಯುತ್ತದೆ. ಜೇನಿನ ಅಲರ್ಜಿ ಇರುವವರ ಐಜಿಇ ಮುಖ್ಯವಾಗಿ ಗುರಿಯಿಡುವುದೂ ಇದೇ ಕಿಣ್ವಕ್ಕೆ.

2013ರಲ್ಲಿ ಎರಡು ತಂಡಗಳು ಇಲಿಗಳ ಮೇಲೆ ಪ್ರಯೋಗ ನಡೆಸಿದವು. ಒಂದು ಸ್ಟ್ಯಾನ್‌ಫರ್ಡಿನ ಸ್ಟೀಫನ್ ಗ್ಯಾಲಿ ಅವರದು, ಇನ್ನೊಂದು ಯೇಲ್‌ನ ರುಸ್ಲಾನ್ ಮೆಡ್ಜಿಟೊವ್ ಅವರದು. ಮೊದಲು ಸ್ವಲ್ಪ ವಿಷದ ಅನುಭವ ಪಡೆದು ಐಜಿಇ ಬೆಳೆಸಿಕೊಂಡ ಇಲಿಗಳು ನಂತರದ ದೊಡ್ಡ ಪ್ರಮಾಣವನ್ನು ಹೆಚ್ಚು ತಡೆದುಕೊಂಡವು. ಐಜಿಇ ಕೆಲಸ ಮಾಡದ ಇಲಿಗಳಿಗೆ ಆ ಲಾಭ ಸಿಗಲಿಲ್ಲ. ಗ್ಯಾಲಿ ಅವರ ತಂಡ 2006ರಲ್ಲೇ ಇನ್ನೊಂದನ್ನು ತೋರಿಸಿತ್ತು: ಮಾಸ್ಟ್ ಕೋಶಗಳು ಚೆಲ್ಲುವ ಕಣಗಳಲ್ಲಿ ಹಾವಿನ ವಿಷವನ್ನು ತುಂಡರಿಸುವ ಕಿಣ್ವಗಳೂ ಇವೆ. ಮೈ ಕೆಡಿಸುತ್ತದೆ ಎಂದು ನಾವು ಬೈಯುವ ಕೋಶದೊಳಗೇ ವಿಷಹಾರಿ ಇದೆ ಎಂದಾಯಿತು.

ಆಹಾರಕ್ಕೆ ನೇರವಾಗಿ ಸಂಬಂಧಿಸಿದ್ದು 2023ರ ಎರಡು ಅಧ್ಯಯನಗಳು, ಅವುಗಳಲ್ಲೊಂದು ಮತ್ತೆ ಮೆಡ್ಜಿಟೊವ್ ತಂಡದ್ದು. ಮೊಟ್ಟೆಯ ಬಿಳಿಭಾಗದ ಪ್ರೋಟೀನಿಗೆ ಅಲರ್ಜಿ ಬರಿಸಿದ ಇಲಿಗಳ ಮುಂದೆ ಎರಡು ಬಾಟಲಿ ಇಟ್ಟರು, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಆ ಪ್ರೋಟೀನು ಬೆರೆತ ನೀರು. ಅಲರ್ಜಿ ಇದ್ದ ಇಲಿಗಳು ಎರಡನೆಯದರಿಂದ ದೂರ ಉಳಿದವು. ಐಜಿಇ ಇಲ್ಲದಂತೆ ಅಥವಾ ಮಾಸ್ಟ್ ಕೋಶ ಇಲ್ಲದಂತೆ ಮಾಡಿದ ಇಲಿಗಳು ಲೆಕ್ಕಿಸದೆ ಕುಡಿದವು. ಅಂದರೆ ರೋಗನಿರೋಧಕ ವ್ಯವಸ್ಥೆ ಮೆದುಳಿಗೆ ಸುದ್ದಿ ಮುಟ್ಟಿಸಿ ‘ಇದನ್ನು ತಿನ್ನಬೇಡ’ ಎಂದು ನಡವಳಿಕೆಯನ್ನೇ ಬದಲಿಸುತ್ತದೆ. ವಾಂತಿ ಮಾಡಿಸುವುದಕ್ಕಿಂತ ಬಾಯಿಗೇ ಹಾಕದಂತೆ ತಡೆಯುವುದು ಎಷ್ಟೋ ಮೇಲಲ್ಲವೇ? ‘ಅವನಿಗೆ ಮೊಟ್ಟೆ ಕಂಡರೇ ಆಗದು’ ಎಂದು ಮಗುವನ್ನು ಗದರುವ ಮೊದಲು ಈ ಇಲಿಗಳನ್ನು ನೆನೆಯಿರಿ. ಎಲ್ಲ ಹಟವೂ ಅಲರ್ಜಿಯಲ್ಲ. ಆದರೆ ಕೆಲವು ಮಕ್ಕಳ ಹಟಕ್ಕೆ ಕಾರಣ ಇರುತ್ತದೆ.

ಕಡಲೆಬೀಜ, ಹಾಲು, ಗೋಧಿ ವಿಷವಲ್ಲವಲ್ಲ. ಮತ್ತೆ ಅವಕ್ಕೇಕೆ?

ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ತೂಕದ್ದು ಇದು.

ಗಿಡಗಳಿಗೆ ಓಡಲು ಕಾಲಿಲ್ಲ. ಕೀಟ, ಶಿಲೀಂಧ್ರ, ಮೇಯುವ ಪ್ರಾಣಿಗಳ ವಿರುದ್ಧ ಅವು ರಾಸಾಯನಿಕಗಳಿಂದ ಕಾದಾಡುತ್ತವೆ. ಅಲರ್ಜಿ ತರಿಸುವ ಸಸ್ಯ ಪ್ರೋಟೀನುಗಳ ಪಟ್ಟಿ ನೋಡಿದರೆ ಅವುಗಳಲ್ಲಿ ಎಷ್ಟೋ ಗಿಡದ ಆತ್ಮರಕ್ಷಣೆಯ ಪ್ರೋಟೀನುಗಳು. ಸೇಬು, ಪೀಚ್ ಹಣ್ಣುಗಳಲ್ಲಿರುವವು ಆ ಗುಂಪಿನವು. ನಮ್ಮ ಕಾಫಿಯದೇ ಉದಾಹರಣೆ ಇದೆ: ಹುರಿಯದ ಕಾಫಿ ಬೀಜದ ಧೂಳಿನಲ್ಲಿ ವರ್ಷಗಟ್ಟಲೆ ದುಡಿಯುವ ಕೆಲವರಿಗೆ ಮೂಗು, ಕಣ್ಣು, ಉಸಿರಿನ ಅಲರ್ಜಿ ಬರುತ್ತದೆ. ಅದಕ್ಕೆ ಕಾರಣವೆಂದು ಗುರುತಿಸಿದ ಪ್ರೋಟೀನುಗಳಲ್ಲಿ ಒಂದು ಕೈಟಿನೇಸ್, ಶಿಲೀಂಧ್ರದ ಗೋಡೆ ಒಡೆಯಲು ಗಿಡ ಬಳಸುವ ಕಿಣ್ವ. ಕಡಲೆಬೀಜ, ಎಳ್ಳು, ಗೋಡಂಬಿಗಳ ಮುಖ್ಯ ಅಲರ್ಜಿಕಾರಕಗಳು ಬೀಜ ಕೂಡಿಟ್ಟುಕೊಂಡ ಪ್ರೋಟೀನುಗಳು. ಹೊಟ್ಟೆಯ ಆಮ್ಲಕ್ಕೂ ಬೆಂಕಿಗೂ ಸುಲಭವಾಗಿ ಜಗ್ಗದ ಜಾತಿಯವು. ಇವು ನಮಗೆ ವಿಷವಲ್ಲ, ಆದರೆ ವಿಷವಿರುವ ಕಡೆಗಳಲ್ಲಿ ಸಿಗುವಂಥವು.

ಎರಡನೆಯ ಕಾರಣ ಲೆಕ್ಕಾಚಾರದ್ದು. ಆಲೂರು, ಸಕಲೇಶಪುರದ ತೋಟಗಳಲ್ಲಿ ‘ಆನೆ ಬಂತು’ ಎಂಬ ಕೂಗು ಕೇಳಿದರೆ ಯಾರೂ ಖಾತ್ರಿ ಮಾಡಿಕೊಳ್ಳಲು ನಿಲ್ಲುವುದಿಲ್ಲ. ಹತ್ತು ಸಲ ಸುಳ್ಳಾದರೆ ಅರ್ಧ ದಿನದ ಕೆಲಸ ಹೋಗುತ್ತದೆ. ನಿಜವಾದ ಒಂದು ಸಲ ಓಡದಿದ್ದರೆ ಜೀವ ಹೋಗುತ್ತದೆ. ವಿಷದ ವಿಷಯದಲ್ಲಿ ಮೈಯ ಲೆಕ್ಕವೂ ಇದೇ. ವೈದ್ಯ ರ‍್ಯಾಂಡಾಲ್ಫ್ ನೆಸ್ಸೆ ಈ ತರ್ಕವನ್ನು ವಿಕಾಸದ ನೆಲೆಯಲ್ಲಿ ವಿವರವಾಗಿ ಬೆಳೆಸಿದ್ದಾರೆ.

ಇಷ್ಟಾದರೂ ಕಡಲೆಬೀಜಕ್ಕೆ ಸಾಯುವುದು ಯಾರಿಗೂ ಲಾಭವಲ್ಲ. ಅದು ವ್ಯವಸ್ಥೆಯ ಉಪಯೋಗದ ಭಾಗವಲ್ಲ, ಅದರ ವೈಫಲ್ಯ. ಎದುರು ಪುರಾವೆಯನ್ನೂ ಹೇಳಬೇಕು. ಐಜಿಇಯನ್ನು ಕಟ್ಟಿಹಾಕುವ ಒಮಾಲಿಜುಮ್ಯಾಬ್ ಎಂಬ ಔಷಧ 2003ರಿಂದ ಆಸ್ತಮಾಕ್ಕೆ ಬಳಕೆಯಲ್ಲಿದೆ; 2024ರಲ್ಲಿ ಅಮೆರಿಕದಲ್ಲಿ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ಚೆನ್ನಾಗಿಯೇ ಬದುಕಿದ್ದಾರೆ. ಇಂದಿನ ಬದುಕಿನಲ್ಲಿ ಐಜಿಇ ಇಲ್ಲದೆಯೂ ನಡೆಯುತ್ತದೆ ಎನ್ನಲು ಇದು ಸಾಕು. ಆದರೆ ಹುಳ, ಹಾವು, ಗುರುತಿಲ್ಲದ ಗೆಡ್ಡೆಗಳ ನಡುವೆ ಬದುಕಿದ ನಮ್ಮ ಪೂರ್ವಜರಿಗೂ ನಡೆಯುತ್ತಿತ್ತು ಎನ್ನಲು ಸಾಲದು.

ಕೆಸುವಿನ ಎಲೆ ತಿಂದರೆ ಗಂಟಲು ಕೆರೆಯುತ್ತದೆ. ಅದು ಅಲರ್ಜಿಯೇ?

ಅಲ್ಲ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ಯಾರ ಬಾಯಿಗಾದರೂ ಚುಚ್ಚುತ್ತವೆ. ಪತ್ರೊಡೆಗೆ ಹುಣಸೆಹಣ್ಣು ಧಾರಾಳವಾಗಿ ಹಾಕುವುದು, ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳುವುದು ಈ ಕಾರಣಕ್ಕೇ. ಕಳಲೆಯನ್ನು ನೀರು ಬದಲಿಸುತ್ತ ದಿನಗಟ್ಟಲೆ ನೆನೆಹಾಕುವುದು ಅದರಲ್ಲಿರುವ, ಸೈನೈಡ್ ಬಿಡುಗಡೆ ಮಾಡುವ ವಸ್ತುವನ್ನು ಕಳೆಯಲು. ಮಲೆನಾಡಿನ ಅಡುಗೆಮನೆಯಲ್ಲಿ ಗಿಡದ ವಿಷದ ಬಗ್ಗೆ ಇಷ್ಟೊಂದು ತಿಳಿವಳಿಕೆ ಕೂಡಿಬಂದಿದೆ ಎಂದಾದರೆ, ಅಡುಗೆಯೇ ಇಲ್ಲದ ಕಾಲದಲ್ಲಿ ಮೈಗೆ ತನ್ನದೇ ಒಂದು ಏರ್ಪಾಡು ಎಷ್ಟು ಬೇಕಿತ್ತೆಂದು ಯೋಚಿಸಿ. ನಾಲಿಗೆಗೆ ಕಹಿ ತಿಳಿಯುವುದು, ವಾಕರಿಕೆ, ಯಕೃತ್ತಿನ ಕಿಣ್ವಗಳು, ಇವುಗಳ ಸಾಲಿನಲ್ಲಿ ಅಲರ್ಜಿಯೂ ಒಂದು.

ಬದನೆಕಾಯಿ ನಂಜು ಎಂದು ಹಿರಿಯರು ಬಿಡಿಸುತ್ತಾರೆ. ಸರಿಯೇ?

ಬದನೆ ತಿಂದು ಬಾಯಿ, ಗಂಟಲು ತುರಿಸುವುದು ಹಲವರ ಅನುಭವ. ಬದನೆಯಲ್ಲೇ ಹಿಸ್ಟಮಿನ್ ಇರುವುದರಿಂದ ಐಜಿಇ ಇಲ್ಲದೆಯೂ ತುರಿಕೆ ಬರಬಹುದು. ನಿಜವಾದ ಬದನೆ ಅಲರ್ಜಿಯೂ ಇದೆ, ಆದರೆ ಅದು ವಿರಳ. ಗಾಯವಾದವರಿಗೆ, ಬಾಣಂತಿಯರಿಗೆ ಎಲ್ಲ ‘ನಂಜಿನ’ ತರಕಾರಿಗಳನ್ನೂ ಬಿಡಿಸಿ ಬರೀ ಅನ್ನ, ಮೆಣಸಿನ ಸಾರಿನಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ. ಒಬ್ಬರಿಗೆ ಆಗದ್ದನ್ನು ಅವರೊಬ್ಬರು ಬಿಟ್ಟರೆ ಸಾಕು.

ಬಂಗುಡೆ ತಿಂದು ಮನೆಮಂದಿಗೆಲ್ಲ ಮೈ ಕೆಂಪಾಯಿತು. ಎಲ್ಲರಿಗೂ ಒಟ್ಟಿಗೆ ಅಲರ್ಜಿ ಬರುತ್ತದೆಯೇ?

ಇಲ್ಲ, ಮೀನು ಕೆಟ್ಟಿದೆ. ಮಂಗಳೂರಿನಿಂದ ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿಗೆ ದಾರಿಯಲ್ಲಿ ಐಸ್ ಸಾಲದಿದ್ದರೆ ಬ್ಯಾಕ್ಟೀರಿಯಾಗಳು ಅದರೊಳಗೇ ಹಿಸ್ಟಮಿನ್ ತಯಾರಿಸುತ್ತವೆ. ಲಕ್ಷಣ ಥೇಟ್ ಅಲರ್ಜಿಯದೇ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ.

ಜಂತುಹುಳದ ಮಾತ್ರೆ ಕೊಟ್ಟರೆ ಅಲರ್ಜಿ ಹೆಚ್ಚಾಗುತ್ತದೆಯೇ?

ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಕೊಡುವ ದಿನ ಈ ಅನುಮಾನ ಏಳುತ್ತದೆ, ಅದರ ಹಿಂದೆ ಒಂದು ನಿಜವಾದ ಸಿದ್ಧಾಂತವೂ ಇದೆ. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್, ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ ಎಂದು ಗಮನಿಸಿದರು. ಚಿಕ್ಕಂದಿನ ಸೋಂಕುಗಳು ರೋಗನಿರೋಧಕ ವ್ಯವಸ್ಥೆಯನ್ನು ಪಳಗಿಸುತ್ತವೆ ಎಂಬ ವಿಚಾರ ಅಲ್ಲಿಂದ ಬೆಳೆಯಿತು. ನಂತರ ಬ್ರಿಟನ್ನಿನ ಇನ್ನೊಬ್ಬ ವಿಜ್ಞಾನಿ ಗ್ರಹಾಂ ರೂಕ್ ಅದನ್ನು ತಿದ್ದಿದರು: ಬೇಕಾದದ್ದು ಕಾಯಿಲೆಗಳಲ್ಲ, ಮಣ್ಣು, ದನಕರು, ಕರುಳಿನ ನಿರುಪದ್ರವಿ ಸೂಕ್ಷ್ಮಜೀವಿಗಳು ಮತ್ತು ನಮ್ಮೊಡನೆ ಬಹುಕಾಲ ಬದುಕಿದ ಹುಳಗಳ ಒಡನಾಟ. ಹುಳಗಳು ತಾವು ಉಳಿಯಲೆಂದು ನಮ್ಮ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಅವು ಇಲ್ಲವಾದಾಗ ಅದು ಬೇರೆಡೆ ತಿರುಗಬಹುದು.

ಹಾಗೆಂದು ಹುಳ ಸಾಕಬೇಕಿಲ್ಲ. ಪರಾಗದ ಅಲರ್ಜಿಗೆ ಹುಳದ ಮೊಟ್ಟೆಗಳನ್ನೇ ಔಷಧವಾಗಿ ಕೊಟ್ಟು ನೋಡಿದ ಪ್ರಯೋಗ ಫಲ ಕೊಡಲಿಲ್ಲ. ಹುಳಬಾಧೆಯಿಂದ ರಕ್ತಹೀನತೆ ಬರುವುದು, ಬೆಳವಣಿಗೆ ಕುಂಠಿತವಾಗುವುದು ಮಾತ್ರ ಕಣ್ಣಿಗೆ ಕಾಣುವ ಸತ್ಯ. ಮಾತ್ರೆ ಕೊಡಿಸಿ.

ಹಳ್ಳಿಯ ಮಕ್ಕಳಿಗೆ ಅಲರ್ಜಿ ಕಡಿಮೆ ಎನ್ನುತ್ತಾರಲ್ಲ?

ದನದ ಕೊಟ್ಟಿಗೆಯ ಒಡನಾಟದಲ್ಲಿ ಬೆಳೆದ ಮಕ್ಕಳಿಗೆ ಆಸ್ತಮಾ, ಪರಾಗದ ಅಲರ್ಜಿ ಕಡಿಮೆ ಎಂಬುದು ಯುರೋಪಿನ ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕದ ಅಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳ ನಡುವಿನ 2016ರ ಹೋಲಿಕೆಯಲ್ಲೂ, ಕೊಟ್ಟಿಗೆ ಮನೆಗೆ ಹತ್ತಿರವಿದ್ದ ಅಮಿಶ್ ಮಕ್ಕಳಲ್ಲಿ ಆಸ್ತಮಾ ಬಹಳ ಕಡಿಮೆ ಇತ್ತು. ಆಹಾರದ ಅಲರ್ಜಿಗೆ ಅಷ್ಟೇ ಗಟ್ಟಿ ಪುರಾವೆ ಇಲ್ಲ.

ನಮ್ಮ ರಾಜ್ಯದ್ದೇ ಒಂದು ಅಂಕಿ ಇಲ್ಲಿ ಉಪಯುಕ್ತ. ಬೆಂಗಳೂರು, ಮೈಸೂರು ಕಡೆಯ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಕಾಲುಭಾಗದಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ಆದರೆ ಲಕ್ಷಣವೂ ಸೇರಿ ಅಲರ್ಜಿ ಎನ್ನಬಹುದಾದವರು ಶೇ. 1.2 ಮಾತ್ರ. ಐಜಿಇ ಇದ್ದ ಮಾತ್ರಕ್ಕೆ ಕಾಯಿಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ರಕ್ತಪರೀಕ್ಷೆಯ ಪಟ್ಟಿ ಹಿಡಿದು ಮಗುವಿಗೆ ಹತ್ತಾರು ಪದಾರ್ಥ ಬಿಡಿಸುವ ಮೊದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆ ಎಂದು ಮಾರುವುದಂತೂ ಅಲರ್ಜಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ತಿಂದ ಆಹಾರಕ್ಕೆ ಐಜಿಜಿ ಇರುವುದು ಸಹಜ.

ಮಗುವಿಗೆ ಕಡಲೆಬೀಜ, ಮೊಟ್ಟೆಯನ್ನು ತಡವಾಗಿ ಕೊಟ್ಟರೆ ಒಳ್ಳೆಯದಲ್ಲವೇ?

ಹಿಂದೆ ವೈದ್ಯರೂ ಹಾಗೆಯೇ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ ಅದನ್ನು ತಲೆಕೆಳಗು ಮಾಡಿತು. ಅಪಾಯ ಹೆಚ್ಚಿದ್ದ 640 ಶಿಶುಗಳಲ್ಲಿ ಅರ್ಧದಷ್ಟಕ್ಕೆ ಚಿಕ್ಕಂದಿನಿಂದಲೇ ಕಡಲೆಬೀಜದ ತಿನಿಸು ಕೊಟ್ಟರು, ಉಳಿದವಕ್ಕೆ ಐದು ವರ್ಷದವರೆಗೆ ಕೊಡಲಿಲ್ಲ. ತಿಂದ ಮಕ್ಕಳಲ್ಲಿ ಅಲರ್ಜಿ ಶೇ. 80ರಷ್ಟು ಕಡಿಮೆಯಾಯಿತು.

ಇದರ ಹಿಂದಿನ ಜೀವಶಾಸ್ತ್ರ ಸೊಗಸಾದದ್ದು. ಬಾಯಿಯ ಮೂಲಕ ಬಂದದ್ದನ್ನು ಕರುಳು ‘ಆಹಾರ’ ಎಂದು ಸಹಿಸಿಕೊಳ್ಳಲು ಕಲಿಯುತ್ತದೆ. ಒಡೆದ ಚರ್ಮದ ಮೂಲಕ ನುಸುಳಿದ್ದನ್ನು ಮೈ ‘ಕಡಿತ’ ಎಂದು ಓದುತ್ತದೆ, ಏಕೆಂದರೆ ಚರ್ಮದ ದಾರಿಯಲ್ಲಿ ಬರುವುದು ಸಾಮಾನ್ಯವಾಗಿ ವಿಷ ಅಥವಾ ಪರಾವಲಂಬಿ. ಎಸ್ಜಿಮಾ (ಚರ್ಮ ಒಣಗಿ, ಬಿರಿದು ತುರಿಸುವ ಕಾಯಿಲೆ) ಇರುವ ಮಕ್ಕಳಿಗೆ ಆಹಾರದ ಅಲರ್ಜಿ ಹೆಚ್ಚು ಬರುವುದು ಇದರಿಂದಲೇ ಎಂದು ಈಗ ಹೆಚ್ಚಿನವರು ನಂಬುತ್ತಾರೆ. ಇದೇ ತರ್ಕ ಹಿಡಿದು ಹೇಳುವುದಾದರೆ, ಎಸ್ಜಿಮಾದಿಂದ ಬಿರಿದ ಚರ್ಮಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು ತಿಕ್ಕಿ ಸ್ನಾನ ಮಾಡಿಸುವುದು ಬೇಡ.

ಆರು ತಿಂಗಳಿಗೆ ರಾಗಿ ಸರಿ ಶುರು ಮಾಡುವಾಗ ನುಣ್ಣಗೆ ಅರೆದು ತೆಳ್ಳಗೆ ಮಾಡಿದ ಕಡಲೆಬೀಜ, ಚೆನ್ನಾಗಿ ಬೇಯಿಸಿದ ಮೊಟ್ಟೆ ಒಂದೊಂದಾಗಿ ಸೇರಲಿ. ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕುತ್ತದೆ. ತೀವ್ರ ಎಸ್ಜಿಮಾ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಉಣುಗು ಕಚ್ಚಿದರೆ ಮಾಂಸಕ್ಕೆ ಅಲರ್ಜಿ ಬರುತ್ತದೆ ಎಂದು ಓದಿದೆ. ನಿಜವೇ?

ಕೆಲವು ಜಾತಿಯ ಉಣುಗುಗಳಿಂದ ಬರುತ್ತದೆ; ಚರ್ಮದ ದಾರಿಯ ಬಗ್ಗೆ ಹೇಳಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವಿಲ್ಲ. ಕುರಿ, ಹಂದಿ, ದನಗಳ ಮೈಯಲ್ಲಿ ಆಲ್ಫಾ-ಗ್ಯಾಲ್ ಎಂಬ ಸಕ್ಕರೆ ಇದೆ. ನಮ್ಮ ವಾನರ ಪೂರ್ವಜರು ಕೋಟ್ಯಂತರ ವರ್ಷಗಳ ಹಿಂದೆ ಅದನ್ನು ಕಳೆದುಕೊಂಡರು, ಹಾಗಾಗಿ ನಮಗದು ಪರಕೀಯ. ಉಣುಗಿನ ಜೊಲ್ಲಿನ ಜೊತೆ ಅದು ಚರ್ಮಕ್ಕೆ ಸೇರಿದಾಗ ಐಜಿಇ ಹುಟ್ಟುತ್ತದೆ. ಮುಂದೆ ಮಾಂಸ ಉಂಡು ಎರಡರಿಂದ ಆರು ಗಂಟೆಯ ನಂತರ ಗಂಧೆ ಏಳುತ್ತದೆ. ಅಮೆರಿಕದ ಥಾಮಸ್ ಪ್ಲ್ಯಾಟ್ಸ್-ಮಿಲ್ಸ್ ಇದನ್ನು ಬಿಡಿಸಿದರು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯೇ ಬೇರೆ, ಅದು ವೈರಸ್ಸಿನದು. ಕೊಪ್ಪ, ಶೃಂಗೇರಿಯ ಕಾಡಂಚಿನವರು ಉಣುಗಿನಿಂದ ದೂರವಿರಲು ಮೊದಲ ಕಾರಣ ಆ ಕಾಯಿಲೆಯೇ.

ಹಸುವಿನ ಹಾಲು ಆಗದ ಮಗುವಿಗೆ ಮೇಕೆ ಅಥವಾ ಎಮ್ಮೆ ಹಾಲು ಕೊಡಬಹುದೇ?

ಹಾಲಿನ ಅಲರ್ಜಿ ಇದ್ದರೆ ಬೇಡ. ಹಸು, ಎಮ್ಮೆ, ಮೇಕೆ, ಕುರಿ ವಿಕಾಸದಲ್ಲಿ ಹತ್ತಿರದ ದಾಯಾದಿಗಳು. ಅವುಗಳ ಹಾಲಿನ ಪ್ರೋಟೀನುಗಳೂ ಹಾಗೆಯೇ ಇವೆ, ಐಜಿಇಗೆ ವ್ಯತ್ಯಾಸ ಕಾಣುವುದಿಲ್ಲ. ದೊಡ್ಡವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ ಸಂಗತಿ. ಅದು ಲ್ಯಾಕ್ಟೋಸ್ ಜೀರ್ಣಿಸುವ ಕಿಣ್ವದ ಕೊರತೆ. ಅಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಸ್ವಲ್ಪ ಸ್ವಲ್ಪ ತಿನ್ನಿಸಿದರೆ ಒಗ್ಗಿಹೋಗುತ್ತದೆ ಎನ್ನುತ್ತಾರೆ. ಮಾಡಬಹುದೇ?

ಮನೆಯಲ್ಲಿ ಖಂಡಿತ ಬೇಡ. ಮಿಲಿಗ್ರಾಂ ಲೆಕ್ಕದಲ್ಲಿ ಏರಿಸುತ್ತ ಸಹಿಷ್ಣುತೆ ಬೆಳೆಸುವ ಚಿಕಿತ್ಸೆ ಇದೆ, ಆದರೆ ಅದು ನಡೆಯುವುದು ತಜ್ಞರ ಕಣ್ಗಾವಲಿನಲ್ಲಿ, ಜೀವ ಉಳಿಸುವ ಅಡ್ರಿನಲಿನ್ ಚುಚ್ಚುಮದ್ದು ಕೈಗೆಟಕುವಂತೆ ಇಟ್ಟುಕೊಂಡು. ಮದುವೆ ಮನೆಯಲ್ಲಿ ‘ಒಂದು ತುತ್ತಿಗೆ ಏನಾಗುತ್ತದೆ’ ಎಂದು ಒತ್ತಾಯಿಸುವ ಬಂಧುಗಳಿಗೆ ರಿಷೆಯ ನಾಯಿಗಳ ಕಥೆ ಹೇಳಿ. ಎರಡನೆಯ ಸಲದ ಚೂರು ಪ್ರಮಾಣವೇ ಅವನ್ನು ಕೊಂದದ್ದು.

ಉಸಿರು ಕಟ್ಟಿದರೆ ತಕ್ಷಣ ಏನು ಮಾಡಬೇಕು?

ಉಬ್ಬಸ, ದನಿ ಬದಲಾಗುವುದು, ನಾಲಿಗೆ ಊದುವುದು, ತಲೆಸುತ್ತಿ ಬೀಳುವುದು, ಗಂಧೆಯ ಜೊತೆ ಮತ್ತೆ ಮತ್ತೆ ವಾಂತಿ: ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಜೀವ ಉಳಿಸುವ ಔಷಧ ಅಡ್ರಿನಲಿನ್, ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಚುಚ್ಚುಮದ್ದು. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ತುರಿಕೆ ತಗ್ಗಿಸುತ್ತದೆ, ಉಸಿರಿನ ದಾರಿ ತೆರೆಯುವುದಿಲ್ಲ. 108ಕ್ಕೆ ಕರೆ ಮಾಡಿ. ತೋಟ ದೂರವಿದ್ದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ, ದೊಡ್ಡ ಆಸ್ಪತ್ರೆಯೇ ಬೇಕೆಂದು ಹತ್ತಿರದ್ದನ್ನು ದಾಟಿ ಹೋಗಬೇಡಿ. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ, ಎಬ್ಬಿಸಿ ನಡೆಸಬೇಡಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಎರಡನೆಯ ಅಲೆ ಬರಬಹುದು. ಒಮ್ಮೆ ಹೀಗಾದವರು ಅಡ್ರಿನಲಿನ್ ಜೊತೆಗಿಟ್ಟುಕೊಳ್ಳುವ ಬಗ್ಗೆ, ಅದನ್ನು ಮನೆಯವರು ಕೊಡಲು ಕಲಿಯುವ ಬಗ್ಗೆ ವೈದ್ಯರಲ್ಲಿ ಬಾಯಿಬಿಟ್ಟು ಕೇಳಿ.

ದೊಡ್ಡವರಾದ ಮೇಲೆ ಹೋಗುತ್ತದೆಯೇ?

ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ. ಕಡಲೆಬೀಜದ್ದು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಸೀಗಡಿ, ಏಡಿ, ಮೀನಿನ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ದೊಡ್ಡವರಾದ ಮೇಲೆ ಹೊಸದಾಗಿ ಬರುವುದೂ ಉಂಟು. ಹೋಗಿದೆಯೋ ಇಲ್ಲವೋ ಎಂಬ ಪರೀಕ್ಷೆ ಮಾತ್ರ ಆಸ್ಪತ್ರೆಯಲ್ಲೇ ನಡೆಯಲಿ.